ಮುರಿದ ಮನೆ ಜೋಡಿಸಿಕೊಡಲಾಗುವುದು

"ಆ ಮಾತು ನಿಮ್ಮ ಬಾಯಿಂದ ಬಂತೋ, ಈ ಕೊಡತಿ ನನ್ನ ಕೈಯಿಂದ ಬರುತ್ತೆ!"

ಬಾಗಿಲಲ್ಲಿ ನಿಂತವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

ನಿದ್ದೆ ಹೋದ ಮಗುವನ್ನು ಎತ್ತಿಕೊಂಡವರ ಹಾಗೆ ಅವನು ಒಂದು ಕುರ್ಚಿಯನ್ನು ಎದೆಗಾನಿಸಿಕೊಂಡಿದ್ದ. ಅದಕ್ಕೆ ಮೂರೇ ಕಾಲು. ಉಳಿದ ಒಂದು ಅವನ ಬೆನ್ನಿನ ಚೀಲದಿಂದ ಇಣುಕುತ್ತಿತ್ತು.

"ನಾನಿನ್ನೂ ಏನೂ ಹೇಳಿಲ್ಲ..."

"ಹೇಳೋಕೆ ಹೊರಟಿದ್ರಿ. 'ಮುರಿದ' ಅಂದ್ರಿ. ಮುಂದಿನದು ನನಗೆ ಬಾಯಿಪಾಠ. ಬೆಳಗಿಂದ ಬಂದೋರೆಲ್ಲ ಅದನ್ನೇ ಹೇಳಿ ಹಲ್ಲು ಕಿರಿದು ಹೋಗಿದ್ದಾರೆ!"

"ಮುರಿದ ಕುರ್ಚಿ ಅನ್ನೋಕೆ ಹೊರಟಿದ್ದೆ."

ಅವಳು ಕೊಡತಿಯನ್ನು ಮೆಲ್ಲಗೆ ಇಳಿಸಿದಳು. ಅಯ್ಯೋ... ನಿಜವಾದ ಗಿರಾಕಿ! ಎಷ್ಟೋ ದಿನಕ್ಕೆ ಒಬ್ಬ ಬಂದರೆ ಅವನನ್ನೇ ಹೊಡೆಯಲು ಹೋದೆನಲ್ಲ!

"ಒಳಗೆ ಬನ್ನಿ," ಎಂದಳು, ಕೆನ್ನೆ ಬಿಸಿಯಾದದ್ದು ಕಾಣದಿರಲೆಂದು ಬೆನ್ನು ತಿರುಗಿಸಿ. "ಆ ಕಡೆ ಕಾಲಿಡಬೇಡಿ, ಪಾಲಿಶ್ ಹಸಿ ಇದೆ. ಈ ಕಡೆನೂ ಬೇಡ. ಅಲ್ಲೇ ನಿಂತಿರಿ."

ಅವನು ಅಲ್ಲೇ ನಿಂತ. ಅದೊಂದು ಗ್ಯಾರೇಜು. ಕಾರಿಲ್ಲದ ಅಕ್ಕ-ಭಾವ ಅದನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಗೋಡೆಯ ಮೇಲೆ ಉಳಿಗಳು ಎತ್ತರದ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು. ಕಿಟಕಿಯ ಬಿಸಿಲಲ್ಲಿ ಮರದ ಹುಡಿ ತೇಲುತ್ತಿತ್ತು. ಗೋಂದಿನ ಡಬ್ಬ, ಚಹಾದ ಲೋಟ ಎರಡೂ ಅಕ್ಕಪಕ್ಕ. ಯಾವುದರಲ್ಲಿ ಕುಂಚ ಅದ್ದಬೇಕು, ಯಾವುದನ್ನು ಕುಡಿಯಬೇಕು ಎಂದು ಅವಳೇ ಒಮ್ಮೊಮ್ಮೆ ಗಾಬರಿಯಾಗುವಷ್ಟು ಹತ್ತಿರ.

ಕುರ್ಚಿಯ ಮುರಿದ ಕಾಲನ್ನು ತಿರುಗಿಸಿ ನೋಡಿದಳು. ಮುರಿದ ಜಾಗ ಹೊಸದಾಗಿತ್ತು, ನಾರು ಬಿಳಿಯಾಗಿ ಎದ್ದು ನಿಂತಿತ್ತು.

"ಇದು ತಾನಾಗಿ ಬಿಟ್ಟಿದ್ದಲ್ಲ."

"ನಾನೇ ಒದ್ದೆ."

"ಯಾರಿಗೆ?"

"ಅದಕ್ಕೇ. ಅದರ ಮೇಲೆ ಕೂತು ಒಂದು ತಪ್ಪು ಕೆಲಸ ಮಾಡಿದ್ದೆ."

"ಮಾಡಿದ್ದು ನೀವು, ಒದೆ ಕುರ್ಚಿಗೆ! ಚೆನ್ನಾಗಿದೆ ನ್ಯಾಯ." ಅವಳಿಗೆ ನಗು ಬಂತು. "ಏನು ಕೆಲಸ ನಿಮ್ಮದು?"

"ಕರಡು ತಿದ್ತೀನಿ."

"ಕರಡೀನಾ?!"

"ಕರಡು, ಕರಡು! ಪುಸ್ತಕ ಅಚ್ಚಿಗೆ ಹೋಗೋ ಮುಂಚೆ ಅಕ್ಷರದ ತಪ್ಪು ಹುಡುಕಿ ತಿದ್ದೋದು. ಒಂದು ಕಡೆ ನೌಕರಿ ಅಂತಿಲ್ಲ. ಕರೆದವರ ಕೆಲಸ ಮಾಡ್ತೀನಿ, ನಿಮ್ಮ ಹಾಗೇ."

ಅವಳ ನಗು ಅಲ್ಲಿಗೇ ನಿಂತಿತು.

"ಹಾಗಾದ್ರೆ ನಿಮಗೆ ಅವನು ಗೊತ್ತಿರಬೇಕು. 'ತಪ್ಪೊಪ್ಪು' ಅಂತ ಪುಟ ನಡೆಸ್ತಾನಲ್ಲ, ಆ ತಲೆಹರಟೆ!"

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. "ಗೊತ್ತು... ಸ್ವಲ್ಪ."

"ಸಿಕ್ಕಿದ್ರೆ ಹೇಳಿ. ಕಿವಿ ಹಿಡಿದು ಕ್ಲ್ಯಾಂಪ್ ಹಾಕಿ ಬಿಗೀತೀನಿ."

ಅವನ ಕೈ ತಾನಾಗಿಯೇ ಕಿವಿಗೆ ಹೋಯಿತು.

ಓದುತ್ತಿರುವ ನಿಮಗೆ ಇಷ್ಟರಲ್ಲಿ ಅನುಮಾನ ಬಂದಿರುತ್ತದೆ. ಹೌದು... ಅವನೇ!

* * *

ಆದದ್ದು ಇಷ್ಟು.

ಅವಳು ಮೊದಲು ಒಂದು ದೊಡ್ಡ ಪೀಠೋಪಕರಣಗಳ ಷೋರೂಮಿನಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದಳು. ಹೊಳೆಯುವ ಕುರ್ಚಿಗಳನ್ನು ನಗುನಗುತ್ತಾ ಮಾರುವುದು, ಸ್ವಲ್ಪ ಕಾಲದಲ್ಲೇ ಅವು ಕಾಲು ಮುರಿದುಕೊಂಡು ವಾಪಸು ಬಂದಾಗ ಅದೇ ನಗುವಿನಲ್ಲಿ ಹೊಸದನ್ನು ಮಾರುವುದು. ಹಿತ್ತಲಲ್ಲಿ ಎಸೆದ ಕುರ್ಚಿಗಳ ರಾಶಿ ನೋಡಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಊಟದ ಬಿಡುವಿನಲ್ಲಿ ಒಂದೊಂದನ್ನೇ ಬಿಚ್ಚಿ ನೋಡಿ, ಜೋಡಿಸಿ, ಕೆಡಿಸಿ ಕಲಿತಳು. ಒಂದು ದಿನ ಕೆಲಸ ಬಿಟ್ಟಳು.

"ಕೌಂಟರಿನ ಸ್ಟೂಲು ನಿನಗೇ ಅಂತ ಖಾಲಿ ಇಟ್ಟಿರ್ತೀನಮ್ಮ," ಎಂದಿದ್ದರು ಯಜಮಾನರು. "ಮುರಿದದ್ದನ್ನ ಯಾರು ಸರಿಮಾಡಿಸ್ತಾರೆ ಈ ಕಾಲದಲ್ಲಿ? ತಿಂಗಳ ಕೊನೆಗೆ ನೀನೇ ಬರ್ತೀಯ."

ಬರುವುದಿಲ್ಲ ಎಂದು ಅವಳು ಎದೆತಟ್ಟಿ ಹೇಳಿ ಬಂದಿದ್ದಳು. ಆದರೆ ಗ್ಯಾರೇಜಿನ ಬಾಗಿಲು ತೆರೆದದ್ದೇ ಬಂತು, ಒಳಗೆ ಬಂದದ್ದು ಗಾಳಿ, ಬಿಸಿಲು, ಪಕ್ಕದ ಮನೆಯ ಬೆಕ್ಕು.

"ಫೋನಲ್ಲಿ ಒಂದು ಪುಟ ಮಾಡೇ," ಎಂದಳು ಅಕ್ಕ. "ಈಗ ಎಲ್ಲರೂ ಹಾಗೇ ಕೆಲಸ ಹಿಡಿಯೋದು. ನಿನ್ನ ಕೈಚಳಕ ಬೆಕ್ಕಿಗೆ ತೋರಿಸಿ ಏನು ಬಂತು?"

ಸರಿ, ಪುಟ ಮಾಡಿದಳು. ಸಣ್ಣದರಿಂದ ಶುರುಮಾಡೋಣ ಎಂದು, ಕೂರುವ ಮಣೆಯಿಂದ. ಕೈಯೆಲ್ಲ ಗೋಂದು ಮೆತ್ತಿದ್ದರಿಂದ ಒತ್ತಲಾಗಲಿಲ್ಲ, ಬಾಯಲ್ಲೇ ಹೇಳಿದಳು, ಫೋನು ಕೇಳಿ ಬರೆದುಕೊಂಡಿತು. ಫೋನಿಗೆ ಮಣೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮನೆ.

"ಮುರಿದ ಮನೆ ಜೋಡಿಸಿಕೊಡಲಾಗುವುದು. ಎಷ್ಟು ಹಳೆಯದಾದರೂ ಪರವಾಗಿಲ್ಲ. ಬಿರುಕು ಕಾಣದಂತೆ ಪಾಲಿಶ್ ಮಾಡುತ್ತೇನೆ. ಜೋಡಿಯಾಗಿ ತಂದರೆ ರಿಯಾಯಿತಿ!"

ಹಾಕಿದಳು. ಓದಿ ನೋಡಲಿಲ್ಲ.

ಅದೇ ವಾರ 'ತಪ್ಪೊಪ್ಪು' ಪುಟದಲ್ಲಿ ಅದರ ಚಿತ್ರ ಬಂತು. ಕೆಳಗೆ ಒಂದು ಸಾಲು: "ಒಂದು ಅಕ್ಷರ ತಪ್ಪಿದರೆ ಬಡಗಿಯೂ ವಕೀಲಿ ಮಾಡಬೇಕಾಗುತ್ತದೆ. ನಿಮ್ಮ ಬರಹ ಮೊದಲು ನನಗೆ ಕಳಿಸಿ!"

ಅವನು ತನ್ನ ಪುಟ ನಡೆಸುತ್ತಿದ್ದದ್ದೇ ಹಾಗೆ. ಊರಿನ ತಪ್ಪುಗಳನ್ನು ಹೆಕ್ಕಿ, ಮೇಲೊಂದು ತಮಾಷೆ ಉದುರಿಸಿ, ತನ್ನ ಕೆಲಸಕ್ಕೆ ಜಾಹೀರಾತು ಮಾಡಿಕೊಳ್ಳುವುದು. ಜನ ನಕ್ಕರು. ನಕ್ಕವರು ಹಂಚಿದರು. ಹಂಚಿದ್ದು ಅವಳ ಅಕ್ಕನ ಕಚೇರಿಯ ತನಕ ಹೋಯಿತು.

"ಏನೇ ಗೋಂದಮ್ಮ," ಎಂದರು ಭಾವ, "ನನ್ನದೂ ನಿಮ್ಮಕ್ಕಂದೂ ಸ್ವಲ್ಪ ಬಿರುಕು ಬಿಟ್ಟಿದೆ. ಪಾಲಿಶ್ ಸಾಕಾ, ಮೊಳೆ ಹೊಡೀಬೇಕಾ?"

ಆಮೇಲೆ ಶುರುವಾಯಿತು ಮೆಸೇಜುಗಳ ಮಳೆ! ಅತ್ತೆಯ ಮೇಲೆ ದೂರು, ಗಂಡನ ಗೊರಕೆಯ ಮೇಲೆ ದೂರು, ಓಡಿಹೋದ ಪ್ರೇಯಸಿಯನ್ನು ಮರಳಿ ಅಂಟಿಸಿಕೊಡಿ ಎಂದು ಒಬ್ಬ... ಕುರ್ಚಿ, ಮೇಜು, ಮಣೆ? ಒಂದೂ ಇಲ್ಲ!

ಅವಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಯಾರಿಗೂ ಗೊತ್ತಿಲ್ಲ.

ಆದರೆ ಕರಡಿನವನಿಗೆ ಒಂದು ಗೊತ್ತಾಗಿತ್ತು. ಆ ಜಾಹೀರಾತನ್ನು ಎರಡನೆಯ ಸಲ ನಿಧಾನವಾಗಿ ಓದಿದಾಗ, ಅಕ್ಷರದ ಹಿಂದೆ ಇದ್ದ ಜೀವ ಕಂಡಿತ್ತು. ಕ್ಷಮೆ ಕೇಳಲೇಬೇಕು ಅನ್ನಿಸಿತು. ಸುಮ್ಮನೆ ಹೋಗಿ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ತನ್ನ ಕುರ್ಚಿಗೆ ಒಂದು ಒದೆ ಕೊಟ್ಟ.

* * *

ಕುರ್ಚಿ ವಾಪಸು ಪಡೆಯಲು ಬಂದ ದಿನ ಹೇಳಿಬಿಡುವುದು ಎಂದು ಅವನು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದ. "ಅದು... ಆ ಪುಟ..." ಎಂದು ಶುರುಮಾಡಿದ್ದ ಕೂಡ.

ಅಷ್ಟರಲ್ಲಿ ಒಬ್ಬ ಹೆಂಗಸು, ಅವರ ಹಿಂದೆ ಒಬ್ಬ ಗಂಡಸು ಒಳಗೆ ನುಗ್ಗಿದರು. ಇಬ್ಬರಿಗೂ ಕೂದಲು ನರೆತಿತ್ತು, ಇಬ್ಬರ ಮುಖವೂ ಬೇರೆ ಬೇರೆ ದಿಕ್ಕಿಗಿತ್ತು.

"ಜೋಡಿಯಾಗಿ ಬಂದ್ರೆ ರಿಯಾಯಿತಿ ಅಂತ ಹಾಕಿದ್ರಲ್ಲ," ಎಂದರು ಆಕೆ. "ಬಂದಿದ್ದೀವಿ."

"ಅದು ತಪ್ಪಾಗಿ..." ಎನ್ನುವಷ್ಟರಲ್ಲಿ ಇಬ್ಬರೂ ಎರಡು ಕುರ್ಚಿಗಳ ಮೇಲೆ ಧಪ್ಪನೆ ಕೂತುಬಿಟ್ಟರು. ಷೋರೂಮಿನ ಹಿತ್ತಲಿಂದ ತಂದು, ಆಗಷ್ಟೇ ಗೋಂದು ಹಚ್ಚಿ ನಿಲ್ಲಿಸಿದ ಕುರ್ಚಿಗಳು!

"ಏಳಬೇಡಿ!!" ಅವಳು ಕಿರುಚಿದಳು. "ಅಲುಗಾಡಲೂ ಬೇಡಿ! ಈಗ ಎದ್ರೆ ಕೀಲೆಲ್ಲ ಸೊಟ್ಟ ಹಿಡಿಯುತ್ತೆ. ಗೋಂದು ಕಚ್ಚಿಕೊಳ್ಳೋವರೆಗೂ ಹಾಗೇ ಕೂತಿರಬೇಕು."

"ಎಷ್ಟು ಹೊತ್ತು?"

"ನಾನು ಹೇಳೋವಷ್ಟು ಹೊತ್ತು."

ಇಬ್ಬರೂ ಫೋಟೋಗೆ ಕೂತವರ ಹಾಗೆ ಕೂತರು. ಏನೂ ಮಾಡಲು ಇಲ್ಲದಿದ್ದಾಗ ಮಾತು ಬರುತ್ತದೆ. ಬಂತು.

"ಇವರು ನನ್ನ ಜೊತೆ ಊಟಕ್ಕೇ ಕೂರಲ್ಲ," ಎಂದರು ಆಕೆ ಗೋಡೆಯ ಉಳಿಗಳಿಗೆ.

"ಅವಳು ಕೂರೋಕೆ ಬಿಡಲ್ಲ," ಎಂದರು ಆತ ಕಿಟಕಿಗೆ. "ಮೇಜು ಅಲುಗಾಡುತ್ತೆ ಅಂತ ದಿನಾ ನನ್ನ ಜೀವ ತಿಂತಾಳೆ. ಮೇಜು ಸರಿಯಾಗೇ ಇದೆ. ನೆಲ ಸೊಟ್ಟ."

"ನೆಲ ಸೊಟ್ಟ ಅಂತೆ! ಕೇಳಿದ್ರಾ? ಸಾರು ಚೆಲ್ಲಿದ್ರೂ ನೆಲದ್ದೇ ತಪ್ಪು!"

"ಕಾಲ ಕೆಳಗೆ ಕಾಗದ ಮಡಿಸಿ ಇಟ್ಟಿದ್ದೆ. ಗುಡಿಸುವಾಗ ಎತ್ತಿಕೊಂಡು ಹೋದೆ ನೀನು!"

"ಅದು ನನ್ನ ಅಮ್ಮನ ಫೋಟೋ ಇದ್ದ ಪತ್ರಿಕೆ ಕಣ್ರೀ!"

"...ನಾನು ಹಿಂದುಮುಂದು ನೋಡಿರಲಿಲ್ಲ," ಎಂದರು ಆತ. ಮೊದಲ ಸಲ ಹೆಂಡತಿಯ ಕಡೆ ಕತ್ತು ತಿರುಗಿಸಿದರು. ಕತ್ತು ಮಾತ್ರ.

ಇತ್ತ ಅವಳು ತುಟಿ ಕಚ್ಚಿಕೊಂಡು ಕರಡಿನವನನ್ನು ನೋಡಿದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದಿದ್ದ, ಭುಜ ಕುಲುಕುತ್ತಿತ್ತು. ಇಬ್ಬರ ಕಣ್ಣೂ ಸೇರಿದವು. ಅಷ್ಟೇ... ನಗು ಅಣೆಕಟ್ಟು ಒಡೆದ ಹಾಗೆ ಬಂತು! ಮೊದಲು ಅವರಿಬ್ಬರು, ಆಮೇಲೆ ಗಂಡ, ಕೊನೆಗೆ ಆಕೆ. ಅಲುಗಾಡದೆ ನಗುವುದು ಎಷ್ಟು ಕಷ್ಟವೆಂದು ಆ ದಂಪತಿಗೆ ಅವತ್ತು ತಿಳಿಯಿತು.

ಸಂಜೆಯೊಳಗೆ ಅವಳು ಅವರ ಮನೆಗೆ ಹೋಗಿ ಮೇಜು ನೋಡಿ ಬಂದಳು. ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ. ನೆಲವೂ ಸ್ವಲ್ಪ ಸೊಟ್ಟ. ಇಬ್ಬರದೂ ಸರಿ! ಒಂದು ಬೆಣೆ ಕೆತ್ತಿ ಕೂರಿಸಿದಳು. ಕರಡಿನವನ ಕುರ್ಚಿ ಬಿಟ್ಟರೆ, ಅದೇ ಅವಳಿಗೆ ಆ ಪುಟದಿಂದ ಸಿಕ್ಕ ಮೊದಲ ಕೆಲಸ.

"ಆ ಜಾಹೀರಾತು ಅಳಿಸಿಬಿಡ್ತೀನಿ," ಎಂದಳು ಮಾರನೆಯ ದಿನ. ಅವನು ಮತ್ತೆ ಬಂದಿದ್ದ. ಈ ಸಲ ಒಂದು ಪುಸ್ತಕದ ಗೂಡು ಹೊತ್ತುಕೊಂಡು. ಅದನ್ನೂ ಒದ್ದಿದ್ದನೋ ಏನೋ, ಅವಳು ಕೇಳಲಿಲ್ಲ.

"ಅಳಿಸಬೇಡಿ. ಮನೆ ಅಂತ ಓದಿ ಬಂದವರಿಗೆ ಕುರ್ಚಿ ತೋರಿಸಿ. ನೀವು ಕೆಲಸ ಮಾಡೋದನ್ನ ಚಿತ್ರ ತೆಗೀರಿ. ಮಾತು ನಾನು ಬರ್ಕೊಡ್ತೀನಿ."

"ನಿಮಗ್ಯಾಕೆ ಇಷ್ಟು ಉಸಾಬರಿ?"

ಹೇಳು, ಈಗಲೇ ಹೇಳು, ಎಂದಿತು ಅವನ ಮನಸ್ಸು.

"...ಸುಮ್ನೆ," ಎಂದಿತು ಬಾಯಿ.

* * *

ಆಮೇಲಿನ ದಿನಗಳು ಅವಳಿಗೆ ರಂದ ಹೊಡೆದ ಹಲಗೆಯ ಹಾಗೆ ನುಣುಪಾಗಿ ಜಾರಿದವು.

ಅವಳು ಬಿರುಕಿಗೆ ಗೋಂದು ತುಂಬುವಳು, ಅವನು ಫೋನು ಹಿಡಿಯುವನು. "ಕೈ ಅಡ್ಡ ಬರ್ತಿದೆ." "ನನ್ನ ಕೈನೇ ಅಲ್ವೇನ್ರೀ ತೋರಿಸಬೇಕಾಗಿರೋದು?" "ನಿಮ್ಮದಲ್ಲ, ನಂದು ಅಡ್ಡ ಬರ್ತಿದೆ." ಹೀಗೆ. ಅವನು ಬರೆದುಕೊಟ್ಟ ಸಾಲುಗಳು ಚಿಕ್ಕವಾಗಿರುತ್ತಿದ್ದವು, ಮಾತಾಡಿದ ಹಾಗೇ ಇರುತ್ತಿದ್ದವು. ಜನ ಓದಿದರು. ಒಂದು ತೊಟ್ಟಿಲು ಬಂತು, ಕಿಟಕಿಯ ಚೌಕಟ್ಟು ಬಂತು, ಸಂಗೀತದ ಮೇಷ್ಟರೊಬ್ಬರ ಎತ್ತರದ ಸ್ಟೂಲು ಬಂತು.

"ಏನೇ, ಆ ಕರಡಿ ಇವತ್ತೂ ಬಂದಿದ್ದನಾ?" ಎಂದು ಅಕ್ಕ ಕೇಳುವಳು.

"ಕರಡಿ ಅಲ್ಲ ಅಕ್ಕಾ, ಕರಡು!"

"ಅಬ್ಬಾ, ರೋಷ ನೋಡು! ಮನೇಲಿ ಮುರಿಯೋಕೆ ಇನ್ನೇನಾದರೂ ಉಳಿದಿದೆಯಂತಾ ಅವನಿಗೆ?"

ಅವಳು ಕೆಲಸದ ನೆಪ ಹೇಳಿ ಓಡುವಳು. ಆದರೆ ಸಂಜೆ ಬಾಗಿಲು ಹಾಕುವಾಗ, ಅವನು ಕೂತೆದ್ದ ಜಾಗದಲ್ಲಿ ಬಿದ್ದ ಕೆಂಪು ಪೆನ್ನಿನ ಮುಚ್ಚಳವನ್ನು ಎತ್ತಿ ಜೇಬಿಗೆ ಹಾಕಿಕೊಂಡಳು. ಯಾಕೆ ಹಾಕಿಕೊಂಡೆ? ಗೊತ್ತಿಲ್ಲ... ನಾಳೆ ಕೊಟ್ಟರಾಯಿತು. ಮಾರನೆಯ ದಿನ ಕೊಡಲಿಲ್ಲ.

ಅವನಿಗೋ ಗಂಟಲಲ್ಲಿ ಮುಳ್ಳು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು. ಮಾತಲ್ಲಿ ಹೇಳಲು ಹೋದರೆ ನಾಲಿಗೆ ತೊಡರುತ್ತಿತ್ತು. ಬರೆದರೆ ಅಚ್ಚುಕಟ್ಟಾಗಿ ಬರುತ್ತದೆ, ಅದಾದರೆ ನನಗೆ ಗೊತ್ತಿರುವ ಕೆಲಸ, ಎಂದುಕೊಂಡ. ಬರೆದ. ತಿದ್ದಿದ. ಮತ್ತೆ ತಿದ್ದಿದ. ಅಷ್ಟು ಚೆನ್ನಾಗಿ ಬಂದದ್ದನ್ನು, ಅವಳಿಗೆ ಆದ ಅವಮಾನ ಎಲ್ಲರ ಎದುರು ಆದದ್ದರಿಂದ ಎಲ್ಲರ ಎದುರೇ ತೊಳೆಯಬೇಕೆಂದುಕೊಂಡು, ಒಂದು ಬೆಳಿಗ್ಗೆ 'ತಪ್ಪೊಪ್ಪು' ಪುಟದಲ್ಲಿ ಹಾಕಿದ. ಹಾಕಿ, ಅವಳ ಗ್ಯಾರೇಜಿನ ಕಡೆ ಹೊರಟ.

ಫೋನು ಅವನಿಗಿಂತ ಬೇಗ ತಲುಪಿತು.

"ಗೋಂದಮ್ಮ, ಇದು ನೀನು ಸರಿಮಾಡಿದ ಕುರ್ಚಿ ಅಲ್ವಾ?" ಭಾವ ಬೆಳಗಿನ ಚಹಾ ಕುಡಿಯುತ್ತಾ ಫೋನು ಚಾಚಿದರು.

ಅವಳು ಕೂರಿಸಿದ ಕಾಲು. ಅವಳು ಕೊಟ್ಟ ಪಾಲಿಶ್. ಮೇಲೆ ದಪ್ಪ ಅಕ್ಷರದಲ್ಲಿ: 'ತಪ್ಪೊಪ್ಪಿಗೆ'.

ಅವಳು ಓದಿದಳು. ಕೊನೆಯ ತನಕ ಓದಿದಳು. ಲೋಟ ಕೆಳಗಿಟ್ಟಳು.

* * *

"ನೀವೇನಾ ಅವನು?"

ಅವನು ಬಾಗಿಲಲ್ಲೇ ನಿಂತ. "ನಾನೇ. ಅದನ್ನ ಹೇಳೋಕೇ ಬರ್ತಿದ್ದೆ..."

"ಹೇಳಾಯ್ತಲ್ಲ! ಊರಿಗೆಲ್ಲ ಹೇಳಿ, ಉಳಿದಿದ್ದರೆ ನನಗೆ ಹೇಳೋಣ ಅಂತ ಬಂದ್ರಾ?"

"ಎಲ್ಲರ ಮುಂದೆ ಒಪ್ಪಿಕೊಂಡ್ರೆ ನಿಮಗೆ..."

"ತಮಾಷೆ ಮಾಡಿದ್ದೂ ಎಲ್ಲರ ಮುಂದೆ. ಕ್ಷಮೆ ಕೇಳಿದ್ದೂ ಎಲ್ಲರ ಮುಂದೆ. ನಾನು ಎಲ್ಲಿದ್ದೀನ್ರೀ ಅದರಲ್ಲಿ? ಇಷ್ಟು ದಿನ ಇಲ್ಲೇ, ನಿಮ್ಮ ಎದುರಿಗೇ ಕೂತಿದ್ನಲ್ಲ! ಎಷ್ಟು ಚೆನ್ನಾಗಿ ಬರೆದಿದ್ದೀರಿ... ಜನ ಕಣ್ಣೀರು ಹಾಕ್ತಿದ್ದಾರೆ. ಬೆಳಗಿಂದ ನಿಮಗೆ ಹೊಸ ಕೆಲಸ ಕೇಳಿ ಯಾರಾದರೂ ಬರೆದ್ರಾ? ನಿಜ ಹೇಳಿ."

ಅವನು ಚಪ್ಪಲಿಗೆ ಅಂಟಿದ ಮರದ ಹುಡಿ ಒರೆಸತೊಡಗಿದ.

"ಹೇಳಿ!"

"...ಕೆಲವರು."

"ನೋಡಿದ್ರಾ! ನನ್ನ ತಪ್ಪೂ ನಿಮಗೆ ಜಾಹೀರಾತು. ನಿಮ್ಮ ತಪ್ಪೂ ನಿಮಗೆ ಜಾಹೀರಾತು. ಕುರ್ಚಿ ಕೂಡ ಬೇಕಂತಲೇ ಮುರ್ಕೊಂಡು ಬಂದ್ರಿ... ನಾನು ಹುಚ್ಚಿ, ಅದನ್ನ ಜೋಪಾನವಾಗಿ ಜೋಡಿಸಿಕೊಟ್ಟೆ."

"ನಾನು ಬಂದಿದ್ದು ಸುಳ್ಳಲ್ಲ..."

"ಹೋಗಿ, ದಯವಿಟ್ಟು."

ಅವನು ಹೋದ. ಅವಳು ಬಾಗಿಲು ಎಳೆದುಕೊಂಡು, ಮರದ ಹುಡಿಯ ಮೇಲೇ ಕುಸಿದು ಕೂತಳು.

ಅವನ ಮೇಲಿನ ಸಿಟ್ಟು ಒಂದು ಕಡೆ. ಅದಕ್ಕಿಂತ ಆಳದಲ್ಲಿ ಇನ್ನೊಂದು ಚುಚ್ಚುತ್ತಿತ್ತು. ತೊಟ್ಟಿಲು ತಂದವರು, ಸ್ಟೂಲು ತಂದವರು... ಅವರೆಲ್ಲ ನನ್ನ ಕೈ ನೋಡಿ ಬಂದರೋ, ಅವನ ಮಾತು ನೋಡಿ ಬಂದರೋ? ಅವನ ಸಾಲುಗಳನ್ನು ತೆಗೆದುಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ?

ಪುಟವನ್ನು ಮುಚ್ಚಿದಳು. ಮೆಸೇಜುಗಳು ನಿಂತವು. ಕೈಯಲ್ಲಿದ್ದ ಕೆಲಸಗಳು ಒಂದೊಂದಾಗಿ ಮುಗಿದವು. ಬೆಕ್ಕು ಮತ್ತೆ ಬಂದು ಬಿಸಿಲಲ್ಲಿ ಮೈ ಚಾಚಿತು.

ತಿಂಗಳು ಮುಗಿಯುತ್ತಾ ಬಂದಾಗ ಷೋರೂಮಿನ ಯಜಮಾನರ ಕರೆ ಬಂತು. "ಸ್ಟೂಲು ಧೂಳು ಹಿಡೀತಿದೆಯಮ್ಮ. ಬರ್ತೀಯಾ, ಬೇರೆಯವರನ್ನ ನೋಡಲಾ?"

"ನಾಳೆ ಹೇಳ್ತೀನಿ ಸಾರ್," ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. "ಅವನ ಸಾಲು ಇಲ್ಲದೆ ನಿನಗೆ ಬದುಕಿಲ್ಲ ಅಂತ ಯಾರೇ ಹೇಳಿದ್ದು?"

"ನನಗೆ ಬರೆಯೋಕೆ ಬರಲ್ಲ ಅಕ್ಕಾ. ಒಂದು ಮಣೆ ಬರೆಯೋಕೆ ಹೋಗಿ ಏನಾಯ್ತು ನೋಡಿದ್ಯಲ್ಲ."

"ಅದು ನೀನು ಬರೆದದ್ದಾ? ಫೋನು ಬರೆದದ್ದು, ಆಮೇಲೆ ಅವನು ಬರೆದದ್ದು. ನೀನು ಯಾವತ್ತು ಬರೆದೆ?"

ಅಕ್ಕ ಎದ್ದು ಹೋದಳು. ಆ ಪ್ರಶ್ನೆ ಅಲ್ಲೇ ಕೂತಿತ್ತು.

ಅವತ್ತು ಮಧ್ಯಾಹ್ನ ಅವಳು ಕೈ ತೊಳೆದುಕೊಂಡಳು. ಫೋನನ್ನು ಡಬ್ಬಕ್ಕೆ ಒರಗಿಸಿ, ವಿಡಿಯೋ ಒತ್ತಿ ನಿಲ್ಲಿಸಿದಳು. ಷೋರೂಮಿನ ಹಿತ್ತಲಿಂದ ತಂದಿದ್ದ, ಯಾರೂ ಕೇಳದ ಒಂದು ಓರೆ ಕುರ್ಚಿಯನ್ನು ಮುಂದಿಟ್ಟು, ಬಿಚ್ಚಿ, ಒಣಗಿದ ಗೋಂದು ಕೆರೆದು, ಹೊಸ ಬೆಣೆ ಕೆತ್ತಿ ಕೂರಿಸಿದಳು. ಮಾಡುತ್ತಾ ಮಾಡುತ್ತಾ ತನಗೆ ತೋಚಿದ ಹಾಗೆ ಮಾತಾಡಿದಳು. ಮಧ್ಯದಲ್ಲಿ ಬೆಕ್ಕು ಅಡ್ಡ ಬಂತು, ಬೈದಳು. ಆಮೇಲೆ ಬೆರಳಿಂದ ಒಂದೊಂದೇ ಅಕ್ಷರ ಒತ್ತಿ ಬರೆದಳು:

"ನಾನು ಹಳೆ ಕುರ್ಚಿಗಳ ಕೀಳು ಸರಿ ಮಾಡುತೇನೆ. ಬಿಸಾಡುವ ಮೊದಲು ಒಂದ್ಸಲ ತೋರಿಸಿ. ಆಗದಿದ್ದರೆ ಆಗಲ್ಲ ಅಂತಲೆ ಹೇಳುತೇನೆ."

ಪುಟ ಮತ್ತೆ ತೆರೆದು ಎರಡನ್ನೂ ಹಾಕಿಬಿಟ್ಟಳು!

ಮೊದಲು ನಾಲ್ಕಾರು ನಗುವ ಮುಖಗಳು ಬಂದವು. ಬರಲಿ. ಇನ್ನೊಬ್ಬ "ಮನೆ ಬಿಟ್ಟು ಕುರ್ಚಿಗೆ ಇಳಿದ್ರಾ?" ಎಂದ. ಅನ್ನಲಿ. ಮಾರನೆಯ ಬೆಳಿಗ್ಗೆ ಒಂದು ಉದ್ದದ ಮೆಸೇಜು ಕಾದಿತ್ತು. ಊರಿನ ಸಾರ್ವಜನಿಕ ವಾಚನಾಲಯದ ಮೇಲ್ವಿಚಾರಕಿ ಬರೆದಿದ್ದರು.

"ನಿಮ್ಮ ಬರಹದಲ್ಲಿ ತಪ್ಪಿದೆ. ಕೈಯಲ್ಲಿ ಇಲ್ಲ. ನಮ್ಮ ಓದುವ ಕೋಣೆಯ ಕುರ್ಚಿಗಳನ್ನೆಲ್ಲ ಗುಜರಿಗೆ ಹಾಕಿ ಹೊಸದು ತರಿಸಿ ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಆಗದಿದ್ದರೆ ಆಗಲ್ಲ ಅಂತ ಹೇಳುವವರು ಬೇಕಿತ್ತು. ಬರುತ್ತೀರಾ?"

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಅಡುಗೆಮನೆಗೆ ಓಡಿ ಅಕ್ಕನನ್ನು ಹಿಂದಿನಿಂದ ಅಪ್ಪಿಕೊಂಡಳು. ಅಕ್ಕನ ಕೈಲಿದ್ದ ತಟ್ಟೆ ಬಿತ್ತು, ಒಡೆಯಿತು.

"ಇದನ್ನ ಜೋಡಿಸಿಕೊಡ್ತೀಯೇನೇ?"

"ಆಗಲ್ಲ ಅಂದ್ರೆ ಆಗಲ್ಲ!"

ಷೋರೂಮಿಗೆ ಅವಳೇ ಕರೆ ಮಾಡಿದಳು. "ಸ್ಟೂಲು ಬೇರೆಯವರಿಗೆ ಕೊಡಿ ಸಾರ್. ಅಲುಗಾಡೋಕೆ ಶುರುವಾದ್ರೆ ನನ್ನ ಹತ್ರ ಕಳಿಸಿ."

* * *

ಅಂದು ಮಧ್ಯಾಹ್ನ ಅಕ್ಕ ಮೆಲ್ಲಗೆ ಮಾತು ತೆಗೆದಳು. "ಅವನ ಪುಟ ನೋಡಿದ್ಯಾ?"

"ನೋಡಲ್ಲ."

"ನೋಡೋಕೆ ಅಲ್ಲಿ ಏನೂ ಇಲ್ಲ. ಬೇರೆಯವರ ತಪ್ಪು ತೋರಿಸಿ ಆಡ್ಕೊಂಡಿದ್ದನ್ನೆಲ್ಲ ತೆಗೆದು ಹಾಕಿದ್ದಾನೆ. ಆ ತಪ್ಪೊಪ್ಪಿಗೆ ಕೂಡ. ಅಷ್ಟೊಂದು ಜನ ಮೆಚ್ಚಿದ್ದನ್ನ ಅವತ್ತೇ ತೆಗೆದನಂತೆ."

ಅವಳ ಕೈಲಿದ್ದ ಉಜ್ಜುಕಾಗದ ನಿಂತಿತು.

"ಈಗ ಅವನದೇ ತಪ್ಪು ಹಾಕ್ತಿದ್ದಾನೆ. ತಾನು ತಿದ್ದಿದ ಪುಸ್ತಕದಲ್ಲಿ ಕಣ್ತಪ್ಪಿ ಉಳಿದುಹೋಗಿದ್ದು."

"ತನ್ನ ತಪ್ಪು ತಾನೇ ತೋರಿಸಿದ್ರೆ ಅವನಿಗೆ ಕೆಲಸ ಯಾರು ಕೊಡ್ತಾರೆ?!"

"ಅದೇ ನಾನೂ ಕೇಳಿದೆ."

"ಯಾರನ್ನ?"

"ಅವನನ್ನೇ. ಕಾಮೆಂಟ್ ಹಾಕಿದೆ."

"ಅಕ್ಕಾ!!"

"'ಕೊಡದಿದ್ದರೆ ಪರವಾಗಿಲ್ಲ' ಅಂತ ಬರೆದಿದ್ದಾನೆ. ನನಗೇನು ಗೊತ್ತಪ್ಪ." ಅಕ್ಕ ಒಣಗಿದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹೋಗುತ್ತಾ ನಕ್ಕದ್ದು ಬೆನ್ನಿನಿಂದಲೇ ಕಾಣುತ್ತಿತ್ತು.

ಅವಳು ಸುಮಾರು ಹೊತ್ತು ಫೋನು ನೋಡುತ್ತಾ ಕೂತಳು. ಈಗ ಭಯವಿರಲಿಲ್ಲ. ಅವನ ಸಾಲುಗಳಿಲ್ಲದೆಯೂ ತನ್ನ ಬಾಗಿಲು ತಟ್ಟುವವರಿದ್ದಾರೆ. ಹಾಗಾಗಿ ಈಗ ಅವನು ಬೇಕು ಅನ್ನಿಸಿದರೆ ಅದು ಅವನೇ ಬೇಕು ಎಂದರ್ಥ... ಬೇಕಾ?

ಬೆರಳು ಒತ್ತಿತು: "ನನ್ನ ಬರಹದಲ್ಲಿ ತಪ್ಪು ಎಷ್ಟು?"

ಅವನು ಓದಿದ ಗುರುತು ಮೂಡಿತು. ಉತ್ತರವಿಲ್ಲ. ಅವಳು ಕುರ್ಚಿಯೊಂದರ ಕಾಲು ಉಜ್ಜಿದಳು. ಮತ್ತೆ ನೋಡಿದಳು. ಉತ್ತರವಿಲ್ಲ. ಅದೇ ಕಾಲನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜಿದಳು. ಕೇಳಬಾರದಿತ್ತು... ಮಾನ ಕಳ್ಕೊಂಡೆ...

"ಲೆಕ್ಕ ಹಾಕಿಲ್ಲ."

ತಲೆ ಎತ್ತಿದಳು. ಬಾಗಿಲಲ್ಲಿ ಅವನು. ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಕುರ್ಚಿಯಿಲ್ಲ, ಗೂಡಿಲ್ಲ, ಏನೂ ಇಲ್ಲ.

"ಫೋನಲ್ಲೇ ಹೇಳಬಹುದಿತ್ತು," ಎಂದಳು. ಧ್ವನಿ ಗಟ್ಟಿಯಾಗಿಟ್ಟುಕೊಳ್ಳಲು ಒದ್ದಾಡುತ್ತಾ.

"ನಿಮಗೆ ಹೇಳಬೇಕಾದ್ದನ್ನ ಇನ್ನು ಮೇಲೆ ನಿಮಗೇ ಹೇಳ್ತೀನಿ."

"ಕೆಂಪು ಪೆನ್ನು ಹಿಡಿದವರಿಗೆ ತಪ್ಪು ಕಾಣಲಿಲ್ಲವಾ?"

"ಕಂಡಿತು. ಆದ್ರೆ ಆ ವಿಡಿಯೋ ನೋಡೋವಾಗ... ನೀವು ಬೆಕ್ಕಿಗೆ ಬೈದ್ರಲ್ಲ, ಅಲ್ಲಿಂದ ಮುಂದೆ ನಾನು ಓದಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ." ಅವನು ಹಣೆ ಒರೆಸಿಕೊಂಡ. "ತಪ್ಪಾಯ್ತು. ಮೊದಲನೇ ದಿನ ಈ ಬಾಗಿಲಲ್ಲಿ ಹೇಳಬೇಕಿತ್ತು. ಹೆದರಿದೆ. ನೀವು ಹೋಗು ಅಂದ್ರೆ ಮತ್ತೆ ಬರೋಕೆ ಆಗಲ್ಲ ಅಂತ. ಇಷ್ಟೇ. ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ."

ಆ ಬೆಳಿಗ್ಗೆ ಓದಿದ ಅಚ್ಚುಕಟ್ಟಾದ ಪುಟಕ್ಕಿಂತ ಈ ಮುರುಕಲು ನಾಲ್ಕು ಮಾತು ನೆಟ್ಟಗೆ ಅವಳ ಒಳಗಿಳಿಯಿತು.

"ಕ್ಷಮಿಸಿದೆ," ಎಂದಳು. "ಇನ್ನೇನು?"

"ಇನ್ನೊಂದಿದೆ."

"ಹೇಳಿ."

"ನಿಮ್ಮನ್ನ ನಾನು... ಅಲ್ಲ. ನೀವು ಅಂದ್ರೆ ನನಗೆ... ಛೆ! ವಾಕ್ಯ ಕೂರ್ತಾ ಇಲ್ಲ. ಒಂದು ನಿಮಿಷ, ತಿದ್ದಿ ಹೇಳ್ತೀನಿ..."

"ತಿದ್ದಬೇಡಿ." ಅವಳು ಹತ್ತಿರ ಬಂದಳು. ಅವಳ ಕೈಯಲ್ಲಿ ಮರದ ಹುಡಿ, ಅವನ ಬೆರಳಲ್ಲಿ ಕೆಂಪು ಶಾಯಿ. "ಹೇಗೆ ಬರುತ್ತೋ ಹಾಗೇ ಹೇಳಿ."

ಅವನು ಕಣ್ಣು ಮುಚ್ಚಿ ತೆರೆದ.

"ನನಗೆ ನೀವು ಇಷ್ಟ."

ಕಿಟಕಿಯ ಬಿಸಿಲು ಅವರಿಬ್ಬರ ನಡುವೆ ಹುಡಿಯನ್ನು ತೇಲಿಸುತ್ತಾ ನಿಂತಿತ್ತು. ಅವನೋ, ಹೇಳಿದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓದಿ ಕಂಗಾಲಾಗಿದ್ದ.

"ಅಯ್ಯೋ... ಇದಕ್ಕೆ ಕ್ರಿಯಾಪದವೇ ಇಲ್ಲ!"

ಅವಳು ಅವನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಇರಲಿ ಬಿಡೋ," ಎಂದಳು. "ಅದನ್ನ ಇಬ್ಬರೂ ಸೇರಿ ಹುಡುಕೋಣ."